ಕಲಿಕೆಯ ತೊಡಕಿಗೆ ದೃಶ್ಯ ಮಾಧ್ಯಮದ ನೆರವು

ಕೇಳಿದ ಕಥೆಯನ್ನು ಸೊಗಸಾಗಿ ತಿರುಗಿ ಹೇಳಬಲ್ಲ ಕೆಲವು ಮಕ್ಕಳು ಅದೇ ಕಥೆಯನ್ನು ಪುಸ್ತಕದಲ್ಲಿ ಓದುವಾಗ ತಡವರಿಸುತ್ತಾರೆ. ಇಂತಹವರನ್ನು ಸೋಮಾರಿಗಳೆಂದೋ ದಡ್ಡರೆಂದೋ ಜರೆಯುವುದುಂಟು. ಇದು ಸರಿಯಲ್ಲ. ಓದಿನ ತೊಡಕಾದ ಡಿಸ್ಲೆಕ್ಸಿಯಾ, ಬರವಣಿಗೆಯ ತೊಡಕಾದ ಡಿಸ್ಗ್ರಾಫಿಯಾ, ಲೆಕ್ಕದ ತೊಡಕಾದ ಡಿಸ್ಕ್ಯಾಲ್ಕುಲಿಯಾ ಇವು ಬುದ್ಧಿಮಾಂದ್ಯದ ಲಕ್ಷಣಗಳಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಇವುಗಳನ್ನು ನಿರ್ದಿಷ್ಟ ಕಲಿಕಾ ನ್ಯೂನತೆಗಳೆಂದು ಪರಿಗಣಿಸಿದೆ. ಸರ್ಕಾರದ ಧನಸಹಾಯ ಅಥವಾ ಮಾನ್ಯತೆ ಪಡೆದ ಶಾಲೆಗಳು ಇವನ್ನು ಆದಷ್ಟು ಬೇಗ ಗುರುತಿಸಿ, ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕೆಂಬುದು ಅದರ 16ನೆಯ ಪ್ರಕರಣದ ಆಶಯ.

ಗುರುತಿಸುವ ಬಗೆ

ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳ ವಿಷಯದಲ್ಲಿ ಹೆಚ್ಚಿನ ವಿವೇಚನೆ ಅಗತ್ಯ. ಅವರಲ್ಲಿ ಅನೇಕರಿಗೆ ಮನೆಯ ಮಾತು ಕನ್ನಡ; ಶಾಲೆಯ ಮಾತು ಮರಾಠಿ, ಹಿಂದಿ ಅಥವಾ ಇಂಗ್ಲಿಷ್. ಶಾಲೆಯ ಭಾಷೆ ಹೊಸದಾದ ಕಾರಣ ಎಡವುವ ಮಗು ಬೇರೆ. ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವೇ ಹಿಡಿತಕ್ಕೆ ಬಾರದ ಮಗು ಬೇರೆ. ಆದುದರಿಂದ ಮಗು ಕಲಿಯುತ್ತಿರುವ ಎಲ್ಲ ಭಾಷೆಗಳಲ್ಲಿಯೂ ಪರೀಕ್ಷೆ ನಡೆಯುವುದು ಲೇಸು. ಹರಿಯಾಣದ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವು ಸಿದ್ಧಪಡಿಸಿ 2015ರಲ್ಲಿ ಹೊರತಂದ ‘ಡಾಲಿ’ ಪರೀಕ್ಷಾ ಸಾಮಗ್ರಿ ಹಿಂದಿ, ಮರಾಠಿ, ಇಂಗ್ಲಿಷ್‌ಗಳೊಡನೆ ಕನ್ನಡದಲ್ಲಿಯೂ ಇದೆ. ಪಾಲಕರು ಈ ವಿಷಯವನ್ನು ಶಾಲೆಯ ಗಮನಕ್ಕೆ ತರಬಹುದು.

ತೆರೆಯ ಮೇಲಿನ ಪಾಠ

ಮುದ್ರಿತ ಪುಟಕ್ಕೆ ದನಿಯಿಲ್ಲ. ತರಗತಿಯ ಪಾಠವಾದರೋ ಒಂದು ಮಗುವಿಗಾಗಿ ನಿಲ್ಲಲಾರದು. ಮೊಬೈಲ್ ಅಥವಾ ಕಂಪ್ಯೂಟರಿನ ತೆರೆಯ ಮೇಲೆ ಚಿತ್ರ, ಅಕ್ಷರ, ಧ್ವನಿ ಮೂರೂ ಒಟ್ಟಿಗೆ ದೊರೆಯುತ್ತವೆ. ಬೇಕಾದಲ್ಲಿ ನಿಲ್ಲಿಸಬಹುದು, ಬೇಕಾದಷ್ಟು ಸಲ ನೋಡಬಹುದು.

‘ಸೂರ್ಯ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಕಿವಿಗೆ ರಕಾರ ಮೊದಲು, ಯಕಾರ ಅನಂತರ. ಬರಹದಲ್ಲಿಯಾದರೆ ಯಕಾರ ಮೊದಲು, ಅರ್ಕಾವತ್ತು ಅನಂತರ. ತೊಡಕುಳ್ಳ ಮಗು ಇಲ್ಲಿಯೇ ದಾರಿ ತಪ್ಪುತ್ತದೆ. ಧ್ವನಿ ಕೇಳಿಬಂದಂತೆ ಆಯಾ ಚಿಹ್ನೆ ಬಣ್ಣ ತಾಳುವ ಕಿರುಚಿತ್ರವು ಈ ಕ್ರಮವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಬಲ್ಲದು. ಅಂತೆಯೇ, ಕಾಲು ಭಾಗವೆಂದರೇನೆಂಬುದನ್ನು ನಾಲ್ಕು ತುಂಡಾಗುವ ರೊಟ್ಟಿಯ ಚಿತ್ರ ತಿಳಿಯಪಡಿಸುತ್ತದೆ.

1999ರಲ್ಲಿ ಗುಜರಾತಿ ದೂರದರ್ಶನದ ಚಿತ್ರಗೀತೆಗಳಿಗೆ ಗುಜರಾತಿಯಲ್ಲಿಯೇ ಅಡಿಬರಹ ನೀಡುವ ಪ್ರಯೋಗ ಆರಂಭವಾಯಿತು. ಹಾಡಿನ ಪದ ಕೇಳಿಸುವಾಗಲೇ ಅದರ ಅಕ್ಷರವೂ ಕಾಣಿಸಿದರೆ ಓದಿನ ಅಭ್ಯಾಸ ತಾನಾಗಿ ಆಗುತ್ತದೆಂಬುದು ಇದರ ತತ್ವ. ಮಗುವಿಗೆ ಪ್ರಿಯವಾದ ಕನ್ನಡ ಹಾಡುಗಳನ್ನು ಕನ್ನಡ ಅಡಿಬರಹದೊಡನೆ ತೋರಿಸಿ ಮನೆಯಲ್ಲಿಯೂ ಇದನ್ನು ಅನುಸರಿಸಬಹುದು. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ದೀಕ್ಷಾ’ ವೇದಿಕೆಯಲ್ಲಿ ಕನ್ನಡ ಪಾಠಗಳೂ ಉಚಿತವಾಗಿ ದೊರೆಯುತ್ತವೆ. ತಾಯಿತಂದೆಯರೇ ಪದವೊಂದನ್ನು ನಿಧಾನವಾಗಿ ಬರೆಯುತ್ತ, ಉಚ್ಚರಿಸುತ್ತ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರೂ ಆದೀತು.

ಗಮನದಲ್ಲಿಡಬೇಕಾದ ಅಂಶಗಳು

1. ಚಿತ್ರವು ಅಕ್ಷರದ ಜೊತೆಗಿರಬೇಕು, ಅದರ ಸ್ಥಾನದಲ್ಲಲ್ಲ. ಚಿತ್ರ ನೋಡಿಯೇ ಪದವನ್ನು ಊಹಿಸುವ ಮಗು ಓದಲು ಕಲಿಯುವುದಿಲ್ಲ.

2. ಒಂದು ಸಲಕ್ಕೆ ಒಂದೇ ವಿಷಯ ಸಾಕು. ಅತಿಯಾದ ಬಣ್ಣ, ಸಂಗೀತ, ಚಲನೆ ಗಮನವನ್ನು ಚದುರಿಸುತ್ತವೆ.

3. ಹಿರಿಯರೊಬ್ಬರು ಬಳಿಯಲ್ಲಿ ಕುಳಿತಿರಬೇಕು. ಪಾಠ ಮುಗಿದ ಮೇಲೆ ತೆರೆಯನ್ನು ಮುಚ್ಚಿ, ಅದೇ ಪದವನ್ನು ಮಗುವಿನಿಂದ ಹಾಳೆಯ ಮೇಲೆ ಓದಿಸಿ ಬರೆಯಿಸಿರಿ.

4. ನೆರೆಮನೆಯ ಮಗುವಿನೊಡನೆ ಹೋಲಿಸದಿರಿ. ಕಳೆದ ತಿಂಗಳಿಗಿಂತ ಈ ತಿಂಗಳು ಎಷ್ಟು ಮುಂದುವರಿದಿದೆ ಎಂಬುದನ್ನು ಮಾತ್ರ ಗಮನಿಸಿರಿ.

ದೃಶ್ಯ ಮಾಧ್ಯಮವು ಕಲಿಕೆಯ ತೊಡಕನ್ನು ಹೋಗಲಾಡಿಸುವ ಔಷಧವಲ್ಲ. ಅದು ಊರುಗೋಲು ಮಾತ್ರ. ವಿಶೇಷ ಶಿಕ್ಷಕರ ಮಾರ್ಗದರ್ಶನಕ್ಕೆ ಅದು ಬದಲಿಯಾಗದು. ಆದರೆ ‘ನನ್ನಿಂದಾಗದು’ ಎಂದು ಪುಸ್ತಕ ಮುಚ್ಚಿಟ್ಟ ಮಗು, ತನ್ನ ವೇಗದಲ್ಲಿ ಕಲಿಯುವ ಅವಕಾಶ ದೊರೆತಾಗ ಮತ್ತೆ ಆ ಪುಸ್ತಕವನ್ನು ತೆರೆಯಬಲ್ಲದು. ಆ ಅವಕಾಶವನ್ನು ಕಲ್ಪಿಸಿಕೊಡುವುದು ಪಾಲಕರ ಮತ್ತು ಶಿಕ್ಷಕರ ಕರ್ತವ್ಯ.