ಕೆರೆಯ ಜಲಸಸ್ಯಗಳೂ ಹೊಲದ ಇಂಗಾಲವೂ

ರಾಮದುರ್ಗ ತಾಲೂಕಿನ ಎರೆಭೂಮಿಗೆ ಮಳೆ ಕಡಿಮೆ, ಬಿಸಿಲು ಹೆಚ್ಚು. ಆದಕಾರಣ ಮಣ್ಣಿನೊಳಗಿನ ಸಾವಯವ ಅಂಶವು ಬೇಗನೆ ಕ್ಷಯಿಸುವದು. ತಿಪ್ಪೆಗೊಬ್ಬರವಾದರೋ ಎಲ್ಲ ಹೊಲಗಳಿಗೂ ಸಾಲದು. ಹೀಗಿರಲು ಆಳವಿಲ್ಲದ ಕೆರೆಗಳಲ್ಲಿ ವರ್ಷವರ್ಷವೂ ಬೆಳೆದು ಕೊಳೆಯುವ ಜೊಂಡು, ಪಾಚಿ, ತೇಲುವ ಕಳೆ ಮುಂತಾದವುಗಳನ್ನು ಬರಿಯ ಪೀಡೆಯೆಂದೆಣಿಸುವದು ಸರಿಯಲ್ಲ. ಹೊಲಕ್ಕೆ ಬೇಕಾದ ಇಂಗಾಲವು ಅವುಗಳಲ್ಲಿ ಅಡಗಿರುವದು.

ಸಸ್ಯಗಳು ಹಗಲಿನಲ್ಲಿ ಇಂಗಾಲಾಮ್ಲ ವಾಯುವನ್ನು ಹೀರಿ ಸೂರ್ಯಪ್ರಕಾಶದ ಬಲದಿಂದ ತಮ್ಮ ಶರೀರವನ್ನು ಕಟ್ಟಿಕೊಳ್ಳುವವು. ಜೊಂಡು, ತಾವರೆಗಳು ಆ ವಾಯುವನ್ನು ಮುಖ್ಯವಾಗಿ ಗಾಳಿಯಿಂದ ಪಡೆಯುವವು. ಮುಳುಗಿ ಬೆಳೆಯುವ ಸಸ್ಯಗಳು ನೀರಿನಿಂದ ಪಡೆಯುವವು. ಉಸಿರಾಟದಲ್ಲಿ ಅದರ ಒಂದು ಭಾಗವು ಹಿಂದಿರುಗುವದು. ಕೆರೆಯು ಆಳವಿಲ್ಲದಿದ್ದರೆ ಬೆಳಕು ತಳದವರೆಗೂ ಮುಟ್ಟುವದರಿಂದ ಬೆಳವಣಿಗೆಯು ವಿಪುಲವಾಗುವದು. ಒಣಗಿದ ಸಸ್ಯದ ತೂಕದಲ್ಲಿ 100ಕ್ಕೆ ಸುಮಾರು 40 ಭಾಗ ಇಂಗಾಲವಿರುವದು.

ಸತ್ತ ಸಸ್ಯವು ತಳವನ್ನು ಸೇರುವದು. ಪ್ರಾಣವಾಯುವಿದ್ದಲ್ಲಿ ಅದು ಕೊಳೆತು ಇಂಗಾಲಾಮ್ಲ ವಾಯುವಾಗುವದು. ಪ್ರಾಣವಾಯುವಿಲ್ಲದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಅದರಿಂದ ಮಿಥೇನ್ ಎಂಬ ಅನಿಲವನ್ನೂ ಹುಟ್ಟಿಸುವವು. ಕೋಲಿನಿಂದ ಕೆಸರನ್ನು ಕಲಕಿದಾಗ ಏಳುವ ಗುಳ್ಳೆಗಳಲ್ಲಿ ಈ ಅನಿಲವಿರುವದು. ಇಟಲಿಯ ವೋಲ್ಟಾ ಎಂಬ ವಿಜ್ಞಾನಿಯು 1776ರಲ್ಲಿ ಮಜ್ಜೋರೆ ಸರೋವರದ ಕೆಸರಿನಿಂದ ಇದನ್ನು ಸಂಗ್ರಹಿಸಿ ಪರೀಕ್ಷಿಸಿದನು. ನೂರು ವರ್ಷಗಳ ಲೆಕ್ಕದಲ್ಲಿ ಮಿಥೇನು ತೂಕಕ್ಕೆ ತೂಕ ಇಂಗಾಲಾಮ್ಲ ವಾಯುವಿಗಿಂತ 25 ಪಟ್ಟಿಗೂ ಮಿಕ್ಕಿ ಭೂಮಿಯನ್ನು ಕಾಯಿಸುವದು. ಕೊಳೆಯದೆ ಉಳಿದ ಭಾಗವು ಹೂಳಿನೊಡನೆ ಬೆರೆಯುವದು. ಹೀಗೆ ಸಸ್ಯವನ್ನು ಕೆರೆಯಲ್ಲಿಯೇ ಬಿಟ್ಟರೆ ಹೊಲಕ್ಕೆ ಗೊಬ್ಬರ ತಪ್ಪುವದು, ಕೆರೆಗೆ ಆಳ ತಪ್ಪುವದು.

ಎತ್ತರದ ತಂಪು ಸೀಮೆಗಳಲ್ಲಿ ಕೊಳೆಯುವಿಕೆಯು ನಿಧಾನ. ಸಮುದ್ರಮಟ್ಟದಿಂದ 1,500 ಮೀಟರಿಗೂ ಎತ್ತರದಲ್ಲಿರುವ ಕಾಶ್ಮೀರದ ದಾಲ್ ಸರೋವರದ ಬಹುಭಾಗವು ಆಳವಿಲ್ಲದ್ದು, ಸಸ್ಯಗಳಿಂದ ತುಂಬಿದ್ದು. ಅಲ್ಲಿಯ ತೋಟಿಗರು ನೀರಿನ ಕಳೆಯನ್ನೂ ಕೆಸರನ್ನೂ ಎತ್ತಿ ತೇಲುವ ತೋಟಗಳ ಮೇಲೆ ಹರಡಿ ಕಾಯಿಪಲ್ಲೆ ಬೆಳೆಯುವರು. ರಾಮದುರ್ಗದ ಬಿಸಿಲಿನಲ್ಲಿ ಕೊಳೆಯುವಿಕೆಯು ಶೀಘ್ರವಾಗಿ ನಡೆಯುವದರಿಂದ ಕಳೆಯನ್ನು ಸಕಾಲದಲ್ಲಿ ಎತ್ತುವದು ಇಲ್ಲಿ ಇನ್ನೂ ಅವಶ್ಯಕ.

ಇದರ ಕ್ರಮವು ಹೀಗೆ. ಕಳೆಯು ಬೀಜ ಕಟ್ಟುವ ಮೊದಲೇ ಅದನ್ನು ಎಳೆದು ದಂಡೆಯ ಮೇಲೆ ಬಾಡಿಸತಕ್ಕದ್ದು. ಹಸಿ ತೇಲುಕಳೆಯ ತೂಕದಲ್ಲಿ 100ಕ್ಕೆ 90 ಭಾಗಕ್ಕೂ ಮೇಲ್ಪಟ್ಟು ನೀರೇ ಇರುವದರಿಂದ, ಬಾಡಿಸಿದರೆ ಚಕ್ಕಡಿಯ ಹೊರೆಯು ಬಹಳ ಹಗುರಾಗುವದು. ಬಳಿಕ ಜೋಳದ ಕೂಳೆ, ಸಗಣಿ, ಸ್ವಲ್ಪ ಮಣ್ಣು ಇವುಗಳೊಡನೆ ಪದರು ಪದರಾಗಿ ಒಟ್ಟಿ, ಹದವಾಗಿ ನೀರು ಚಿಮುಕಿಸಿ, ಗಾಳಿಯಾಡುವಂತೆ ಆಗಾಗ ತಿರುವಿಹಾಕಬೇಕು. ಸರ್ ಆಲ್ಬರ್ಟ್ ಹೋವಾರ್ಡರು 1924ರಿಂದ 1931ರವರೆಗೆ ಇಂದೂರಿನಲ್ಲಿ ರೂಪಿಸಿದ ಪದ್ಧತಿಯ ತಿರುಳು ಇದೇ. ಸುಮಾರು ಮೂರು ತಿಂಗಳಲ್ಲಿ ಗೊಬ್ಬರವು ಪಕ್ವವಾಗುವದು. ನೇರಳೆ ಹೂವಿನ ತೇಲುಕಳೆಯನ್ನು ಹಸಿಯಾಗಿ ಹೊಲಕ್ಕಾಗಲಿ ಕಾಲುವೆಯ ಬದಿಗಾಗಲಿ ಹಾಕಕೂಡದು; ಅದರ ಬೀಜವು ಕೆಸರಿನಲ್ಲಿ ಹಲವು ವರ್ಷ ಜೀವದಿಂದಿರುವದು.

ಕೆರೆಯನ್ನು ಪೂರ್ಣ ಬೋಳಿಸುವದೂ ತಪ್ಪು. ಅಂಚಿನ ಜೊಂಡು ಹರಿದುಬರುವ ಮಣ್ಣನ್ನು ತಡೆಯುವದು. ಮೀನಿನ ಮರಿಗಳಿಗೆ ಆಶ್ರಯವಾಗುವದು. ಆದುದರಿಂದ ನೀರು ಒಳಸೇರುವ ಕಡೆಯಲ್ಲಿ ಒಂದು ಪಟ್ಟಿಯನ್ನು ಉಳಿಸತಕ್ಕದ್ದು. ಬೇಸಗೆಯಲ್ಲಿ ಎತ್ತಿದ ಹೂಳನ್ನು ಮಣ್ಣುಪರೀಕ್ಷೆ ಮಾಡಿಸಿ, ಉಪ್ಪಿನಂಶ ಹೆಚ್ಚಿಲ್ಲವೆಂದು ತಿಳಿದ ಮೇಲೆಯೇ ಹೊಲಕ್ಕೆ ಹಾಕಬೇಕು.

ಒಬ್ಬ ರೈತನಿಂದ ಈ ಕೆಲಸವಾಗದು. ಊರವರು ಕೂಡಿ ವರ್ಷಕ್ಕೊಮ್ಮೆ ಕಳೆಯೆತ್ತಿದರೆ ಕೆರೆಯಲ್ಲಿ ನೀರು ನಿಲ್ಲುವದು, ಹಿಂಗಾರಿ ಜೋಳದ ಹೊಲದಲ್ಲಿ ಹಸಿ ನಿಲ್ಲುವದು.