ಏರುಮಡಿ

ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗದ ಬಯಲುಗಳಲ್ಲಿ ಕಣ್ಣು ಹಾಯಿಸಿದಷ್ಟು ದೂರ ಕಪ್ಪು ಎರೆಭೂಮಿ ಹಬ್ಬಿದೆ. ಮಳೆಗಾಲದಲ್ಲಿ ಕುಡಿದ ನೀರನ್ನು ಈ ಮಣ್ಣು ತಿಂಗಳುಗಟ್ಟಲೆ ತನ್ನ ಒಡಲಲ್ಲಿ ಕಾದಿಡುತ್ತದೆ. ಮಳೆ ನಿಂತ ಮೇಲೆಯೂ ಹಿಂಗಾರಿಯ ಜೋಳ, ಕಡಲೆ, ಗೋಧಿಗಳು ಆ ತೇವವನ್ನೇ ನಂಬಿ ಬೆಳೆಯುತ್ತವೆ. ಆದರೆ ಜೋಳವನ್ನು ಸಾಕುವ ಈ ಗುಣವೇ ಮಳೆಗಾಲದಲ್ಲಿ ಹಿತ್ತಿಲ ಕಾಯಿಪಲ್ಲೆಗೆ ಮುಳುವಾಗುತ್ತದೆ.

ಇದಕ್ಕೆ ಕಾರಣ ಮಣ್ಣಿನ ರಚನೆಯಲ್ಲಿದೆ. ಎರೆಮಣ್ಣಿನಲ್ಲಿ ಅತಿ ನುಣುಪಾದ ಜೇಡಿಕಣಗಳು ಹೆಚ್ಚು. ನೀರು ತಾಗಿದೊಡನೆ ಅವು ಉಬ್ಬುತ್ತವೆ; ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ನೆಲವೇ ಆಷಾಢದ ಮಳೆಗೆ ಬಿಗಿದುಕೊಂಡು, ಕಣಗಳ ನಡುವಣ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಬೇರುಗಳಿಗೂ ಉಸಿರಾಟವುಂಟು. ಗಾಳಿ ಸಿಗದ ಬೇರು ನೀರನ್ನು ಹೀರಲಾರದು. ಆದ್ದರಿಂದ ನೀರಿನಲ್ಲಿ ನಿಂತ ಬದನೆಯ ಸಸಿಯೂ ಬಾಯಾರಿದಂತೆ ಬಾಡುತ್ತದೆ. ಅದಕ್ಕೆ ನೀರು ಸಾಲದಾಗಿದೆಯೆಂದು ಬಗೆದು ಮತ್ತೆ ನೀರೆರೆದರೆ ಸಸಿ ಸಾಯುವುದು ಖಂಡಿತ.

ಇಂತಹ ಸಸಿಯನ್ನು ಉಳಿಸುವ ಸರಳ ಉಪಾಯವೇ ಏರುಮಡಿ. ಸುತ್ತಲಿನ ಹಾದಿಗಿಂತ ಸಸಿ ನಿಲ್ಲುವ ನೆಲವನ್ನು ಎತ್ತರಿಸಿದರೆ ಹೆಚ್ಚಿನ ನೀರು ಬೇರನ್ನು ಬಿಟ್ಟು ಹಾದಿಗೆ ಇಳಿಯುತ್ತದೆ. ಈ ತತ್ತ್ವವು ಹಿತ್ತಿಲಿಗಷ್ಟೇ ಸೀಮಿತವಲ್ಲ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ೧೯೭೨ರಲ್ಲಿ ಸ್ಥಾಪನೆಗೊಂಡ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಕಪ್ಪುಮಣ್ಣಿನ ಹೊಲಗಳಿಗಾಗಿ ಅಗಲ ಮಡಿ ಮತ್ತು ಕಾಲುವೆಯ ಪದ್ಧತಿಯನ್ನು ರೂಪಿಸಿದರು. ಅಲ್ಲಿಯೂ ಬೆಳೆ ಮೇಲೆ ನಿಲ್ಲುತ್ತದೆ, ನೀರು ಕೆಳಗೆ ಹರಿಯುತ್ತದೆ.

ಮಡಿ ಕಟ್ಟುವ ಕೆಲಸದಲ್ಲಿ ಮೊದಲು ನೋಡಬೇಕಾದದ್ದು ಮಣ್ಣಿನ ಹದ. ಹಸಿಯಾದಾಗ ಎರೆಮಣ್ಣು ಗುದ್ದಲಿಗೆ ಅಂಟಿಕೊಳ್ಳುತ್ತದೆ. ಒಣಗಿದಾಗ ಕಲ್ಲಿನಂತೆ ಹೆಂಟೆಯಾಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಬೆರಳು ತಾಗಿಸಿದರೆ ಉದುರುವ ಸ್ಥಿತಿಯೇ ಸರಿಯಾದ ಹದ. ಆಗ ೩ ಮೀಟರ್ ಉದ್ದ, ೧.೨ ಮೀಟರ್ ಅಗಲದ ಜಾಗವನ್ನು ಗುರುತಿಸಬೇಕು. ಇದಕ್ಕಿಂತ ಅಗಲವಾದರೆ ಎರಡು ಬದಿಯಿಂದಲೂ ನಡುವಿಗೆ ಕೈ ನಿಲುಕುವುದಿಲ್ಲ, ಮಡಿಯನ್ನು ತುಳಿಯಬೇಕಾಗುತ್ತದೆ. ತುಳಿದ ಮಣ್ಣು ಮತ್ತೆ ಗಾಳಿಯನ್ನು ಕಳೆದುಕೊಳ್ಳುತ್ತದೆ. ಗುರುತಿಸಿದ ಜಾಗವನ್ನು ಒಂದು ಗುದ್ದಲಿಯ ಆಳಕ್ಕೆ ಸಡಿಲಿಸದೆ ಮೇಲೆ ಮಣ್ಣು ಹಾಕಬಾರದು.

ತುಂಬುವ ಮಣ್ಣನ್ನು ದೂರದಿಂದ ತರುವ ಅಗತ್ಯವಿಲ್ಲ. ಮಡಿಯ ಎರಡು ಪಕ್ಕದಲ್ಲಿ ೪೦ ಸೆಂಟಿಮೀಟರ್ ಅಗಲದ ಹಾದಿಗಳನ್ನು ೧೦ ಸೆಂಟಿಮೀಟರ್ ಆಳಕ್ಕೆ ತೋಡಿದರೆ, ೧೫ ಲೀಟರ್ ಹಿಡಿಯುವ ಬುಟ್ಟಿಯಲ್ಲಿ ಸುಮಾರು ೧೬ ಬುಟ್ಟಿ ಮಣ್ಣು ದೊರೆಯುತ್ತದೆ. ಇದಕ್ಕೆ ೮ ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಬೆರೆಸಿ ಹರಡಿದರೆ ಮಡಿ ೧೦ ಸೆಂಟಿಮೀಟರ್ ಏರುತ್ತದೆ. ಹಾದಿ ತಗ್ಗಿದ್ದು ೧೦, ಮಡಿ ಏರಿದ್ದು ೧೦. ಒಟ್ಟು ಎತ್ತರ ೨೦ ಸೆಂಟಿಮೀಟರ್, ಅಂದರೆ ಒಂದು ಗೇಣಿಗೆ ತುಸು ಕಡಿಮೆ. ಹಸಿ ಸಗಣಿಯನ್ನು ಹಾಕಬಾರದು. ಅದು ಮಡಿಯಲ್ಲಿಯೇ ಕೊಳೆಯುತ್ತ ಎಳೆಯ ಬೇರನ್ನು ಕೆಡಿಸುತ್ತದೆ. ಕಳಿತ ಗೊಬ್ಬರವಾದರೋ ಜೇಡಿಕಣಗಳನ್ನು ಸಣ್ಣ ಸಣ್ಣ ಹರಳುಗಳಾಗಿ ಕೂಡಿಸಿ, ಅವುಗಳ ನಡುವೆ ಗಾಳಿಗೆ ಎಡೆಮಾಡುತ್ತದೆ. ಕಡೆಗೆ ಹಾದಿಯನ್ನು ಒಂದು ತುದಿಗೆ ತುಸು ಇಳಿಜಾರಾಗಿಸಿ, ನೀರನ್ನು ಬಾಳೆಯ ಪಾತಿಗೆ ತಿರುಗಿಸಬೇಕು. ಹೊರದಾರಿಯಿಲ್ಲದ ಹಾದಿ ಕೆರೆಯಾಗುತ್ತದೆ.

ಹಾಗೆಂದು ಎಲ್ಲ ಊರಿಗೂ ಎಲ್ಲ ಕಾಲಕ್ಕೂ ಒಂದೇ ಎತ್ತರ ಸಲ್ಲದು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದಂತೆ, ಸಹ್ಯಾದ್ರಿ ಹಿಂದೆ ಉಳಿದು ಮಳೆಯೂ ಕ್ಷೀಣಿಸುತ್ತದೆ. ಕಿತ್ತೂರಿನ ಜಡಿಮಳೆಗೆ ತಕ್ಕ ಮಡಿ ರಾಮದುರ್ಗದ ಬಿಸಿಲಿನಲ್ಲಿ ಬೇಗನೆ ಒಣಗಿಹೋಗುತ್ತದೆ, ಏಕೆಂದರೆ ಎತ್ತರಿಸಿದ ನೆಲಕ್ಕೆ ಗಾಳಿ ಬಿಸಿಲುಗಳು ಬದಿಗಳಿಂದಲೂ ತಾಗುತ್ತವೆ. ಆದಕಾರಣ ಒಣಪ್ರದೇಶದಲ್ಲಿ ಮಡಿ ತಗ್ಗಾಗಿರಬೇಕು. ಮೇಲೆ ಜೋಳದ ರವದಿಯ ಹೊದಿಕೆ ಇರಬೇಕು. ಬೇಸಿಗೆಯಲ್ಲಿ ಸುತ್ತ ಬದು ಕಟ್ಟಿದ ತಗ್ಗುಮಡಿಯೇ ಲೇಸು. ನದಿಯೇ ಉಕ್ಕಿದಾಗ ಯಾವ ಮಡಿಯೂ ಆಸರೆಯಲ್ಲ. ೨೦೧೯ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆಯ ಪ್ರವಾಹ ರಾಮದುರ್ಗದ ಕಡೆಯ ಮನೆಗಳನ್ನೂ ಹೊಲಗಳನ್ನೂ ಆವರಿಸಿತ್ತು. ಏರುಮಡಿ ತಡೆಯಬಲ್ಲದ್ದು ದಿನನಿತ್ಯದ ಮಳೆಯ ನಿಂತ ನೀರನ್ನು ಮಾತ್ರ.

ಒಮ್ಮೆ ಕಟ್ಟಿದ ಮಡಿ ಹಾಗೆಯೇ ಉಳಿಯುವುದಿಲ್ಲ. ಗೊಬ್ಬರ ಕರಗಿದಂತೆ ಅದು ಕುಸಿಯುತ್ತದೆ. ವರುಷಕ್ಕೊಮ್ಮೆ ಎರಡು ಮೂರು ಬುಟ್ಟಿ ಗೊಬ್ಬರವನ್ನು ಮತ್ತೆ ಸೇರಿಸಬೇಕು. ಹೀಗೆ ಸಾಕಿದ ಮಡಿಯಲ್ಲಿ ಮೆಂತ್ಯ, ಸಬ್ಬಸಿಗೆ, ಹಕ್ಕರಿಕೆ, ಮೂಲಂಗಿಗಳು ಮನೆಯವರ ಊಟಕ್ಕೆ ಒದಗುತ್ತವೆ. ಎರೆಭೂಮಿಯನ್ನು ಬದಲಿಸಲು ಯಾರಿಂದಲೂ ಆಗದು. ಆದರೆ ಅದರ ಗುಣವನ್ನು ಅರಿತ ರೈತನು ಒಂದೇ ಮಣ್ಣನ್ನು ಮಳೆಗಾಲದಲ್ಲಿ ಏರಿಸಿ, ಬೇಸಿಗೆಯಲ್ಲಿ ತಗ್ಗಿಸಿ, ಎರಡು ಕಾಲದಲ್ಲಿಯೂ ಅದರಿಂದ ಅನ್ನವನ್ನು ಪಡೆಯಬಲ್ಲನು.