ರೈತನ ನಿದ್ರಾಭಂಗವೂ ಅದರ ಪರಿಹಾರವೂ

ತೊಗರಿಯ ಎಲೆಯು ಬಾಡತೊಡಗಿದೊಡನೆ, ನೆಟೆರೋಗವು ಬೇರನ್ನು ಹಿಡಿದಿರಬಹುದೆಂದು ಅನುಭವಶಾಲಿಯಾದ ರೈತನು ಶಂಕಿಸಿ ಗಿಡವನ್ನು ಕಿತ್ತು ನೋಡುವನು. ಆದರೆ ಅದೇ ಹೊಲದ ಒಡೆಯನು ವಾರಗಟ್ಟಲೆ ನಿದ್ರೆಯಿಲ್ಲದೆ ಕಳೆದರೂ ಮನೆಯವರಾಗಲಿ ಊರವರಾಗಲಿ ವಿಚಾರಿಸುವುದು ಅಪರೂಪ. ನಿದ್ರಾಭಂಗವು ಮನೋವ್ಯಥೆಯ ಮೊದಲ ಕುರುಹುಗಳಲ್ಲೊಂದು. ಅದನ್ನು ಸಕಾಲದಲ್ಲಿ ಗುರುತಿಸಿದಲ್ಲಿ ಎಷ್ಟೋ ಅನಾಹುತಗಳನ್ನು ತಪ್ಪಿಸಬಹುದಾದುದರಿಂದ, ಊರ ಗೌಡರೂ ಭೂಮಾಲಿಕರೂ ಈ ವಿಷಯವನ್ನು ಬೇಸಾಯದ ವಿಷಯದಂತೆಯೇ ಅರಿತಿರುವುದು ಅವಶ್ಯಕ.

ಕಾರಣಗಳು

ಯಾದಗಿರಿ, ಶಹಾಪುರ, ಸುರಪುರ ಸೀಮೆಗಳ ರೈತನಿಗೆ ಚಿಂತೆಯ ಕಾರಣಗಳು ಕಡಿಮೆಯಿಲ್ಲ. ೨೦೨೦ರ ಅಕ್ಟೋಬರಿನಲ್ಲಿ ಭೀಮೆಯ ಪ್ರವಾಹವು ದಂಡೆಯ ಹೊಲಗಳನ್ನು ಮುಳುಗಿಸಿತು. ೨೦೨೩ರಲ್ಲಿ ಮಳೆ ತಪ್ಪಿ ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಅಂತಹ ವರ್ಷಗಳಲ್ಲಿ ತೊಗರಿ ಹತ್ತಿಗಳಿಗೆ ಹಾಕಿದ ಹಣವು ಮರಳದಿದ್ದರೂ ಸಾಲದ ಕಂತು ತಪ್ಪದೆ ಬರುವುದು. ಕಡೇಚೂರು, ಬಾಡಿಯಾಳಗಳಲ್ಲಿ ಬೇರೊಂದು ಬಗೆಯ ಚಿಂತೆಯೂ ಉಂಟು. ಅಲ್ಲಿ ಕೈಗಾರಿಕಾ ಪ್ರದೇಶಕ್ಕಾಗಿ ಮೂರು ಸಾವಿರ ಎಕರೆಗೂ ಮಿಕ್ಕ ಭೂಮಿಯು ಸ್ವಾಧೀನವಾಯಿತು. ಪರಿಹಾರದ ಹಣ ಬಂದರೂ, ಮುಂಜಾನೆ ಎದ್ದು ಹೋಗಲು ಹೊಲವಿಲ್ಲದವನ ದಿನಚರಿಯು ಕೆಡುವುದು. ದುಡಿಯದ ಮೈಗೆ ಇರುಳು ನಿದ್ರೆ ಸುಲಭವಾಗಿ ಹತ್ತದು. ನೀರಾವರಿಯವನಿಗಾದರೋ, ರಾತ್ರಿ ಬರುವ ವಿದ್ಯುತ್ತಿಗಾಗಿ ಪಂಪ್‌ಸೆಟ್ಟಿನ ಬಳಿ ಕಾಯುವುದರಿಂದಲೇ ನಿದ್ರೆ ಮುರಿಯುವುದು.

ಚಿಂತೆಗೊಳಗಾದ ದೇಹವು ಅಪಾಯವು ಸಮೀಪಿಸಿದಂತೆ ಎಚ್ಚೆತ್ತಿರುವುದು. ಎದೆಬಡಿತ ಹೆಚ್ಚಿ ಮೈ ಬಿಗಿಯುವುದು. ನಿದ್ರೆಗೆಟ್ಟವನಿಗೆ ಮರುದಿನ ಸಿಟ್ಟು, ಮರೆವು, ನಿರುತ್ಸಾಹಗಳು ತಲೆದೋರಿ, ಕೆಲಸ ಕೆಟ್ಟು, ಚಿಂತೆಯು ಮತ್ತಷ್ಟು ಬೆಳೆಯುವುದು.

ಅನುಸರಿಸತಕ್ಕ ಕ್ರಮಗಳು

೧. ವಯಸ್ಕನಿಗೆ ಸುಮಾರು ೭ ಗಂಟೆಗಳ ನಿದ್ರೆ ಬೇಕು. ರಾತ್ರಿ ನಿದ್ರೆ ಬಾರದಿದ್ದರೂ ಬೆಳಿಗ್ಗೆ ಗೊತ್ತಾದ ವೇಳೆಗೇ ಏಳತಕ್ಕದ್ದು. ಹಗಲು ಅರ್ಧ ಗಂಟೆಗಿಂತ ಹೆಚ್ಚು ಮಲಗತಕ್ಕದ್ದಲ್ಲ.

೨. ಚಹದ ಪ್ರಭಾವವು ಹಲವು ಗಂಟೆಗಳ ಕಾಲ ಮೈಯಲ್ಲಿರುವುದರಿಂದ ಸಂಜೆಯ ಮೇಲೆ ಅದನ್ನು ಬಿಡುವುದು ಒಳ್ಳೆಯದು. ಮೊಬೈಲನ್ನು ಹಾಸಿಗೆಯಿಂದ ದೂರವಿಡಬೇಕು.

೩. ಸಾಲದ ಲೆಕ್ಕವನ್ನೂ ನಾಳಿನ ಕೆಲಸವನ್ನೂ ಸಂಜೆಯೇ ಮನೆಯವರೊಡನೆ ಕುಳಿತು ಕಾಗದದ ಮೇಲೆ ಬರೆದಿಡಬೇಕು. ಲೆಕ್ಕವನ್ನು ಹಾಸಿಗೆಗೆ ಒಯ್ಯಬಾರದು.

೪. ಮಲಗಿ ಸುಮಾರು ೨೦ ನಿಮಿಷಗಳಾದರೂ ನಿದ್ರೆ ಹತ್ತದಿದ್ದರೆ, ಎದ್ದು ಮಂದ ಬೆಳಕಿನಲ್ಲಿ ಕುಳಿತಿದ್ದು, ತೂಕಡಿಕೆ ಬಂದ ಮೇಲೆಯೇ ಮತ್ತೆ ಮಲಗತಕ್ಕದ್ದು.

೫. ರಾತ್ರಿ ನೀರು ಹಾಯಿಸುವ ಕೆಲಸವನ್ನು ನೆರೆಹೊರೆಯವರು ಪಾಳಿಯ ಮೇಲೆ ಹಂಚಿಕೊಳ್ಳಬೇಕು.

ತಪ್ಪು ಮದ್ದುಗಳು

ಸೆರೆಯು ಬೇಗನೆ ಮಂಪರು ತಂದರೂ ನಡುರಾತ್ರಿಯ ಮೇಲೆ ನಿದ್ರೆಯನ್ನು ಕೆಡಿಸುವುದು. ತೆಲಂಗಾಣದ ಗಡಿಗೆ ಹತ್ತಿದ ಈ ಸೀಮೆಯಲ್ಲಿ ಶೇಂದಿಗೆ ನಿದ್ರೆಯ ಪುಡಿಯನ್ನು ಬೆರೆಸುವ ಅಪರಾಧವು ಅನೇಕ ಸಲ ಪತ್ತೆಯಾಗಿದೆ. ಅದಕ್ಕೆ ಒಗ್ಗಿದವನು ಒಮ್ಮೆಗೇ ಬಿಟ್ಟರೆ ನಿದ್ರಾಹಾನಿ, ನಡುಕ, ಮೂರ್ಛೆಗಳು ಉಂಟಾಗಬಹುದಾದುದರಿಂದ ವೈದ್ಯರ ಸಹಾಯದಿಂದಲೇ ಬಿಡಿಸತಕ್ಕದ್ದು. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ನಿದ್ರೆಯ ಗುಳಿಗೆಗಳನ್ನು ತರುವುದೂ ಅಪಾಯಕರ.

ಹಿರಿಯರ ಕರ್ತವ್ಯ

ಎರಡು ವಾರಗಳಿಗೂ ಮಿಕ್ಕಿ ನಿದ್ರೆ ಊಟಗಳು ತಪ್ಪಿ, ಬೆಳಗಿನ ಜಾವಕ್ಕೇ ಎಚ್ಚರವಾಗುತ್ತ, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ ಇರುವವನು ಚಿಕಿತ್ಸೆಗೆ ಅರ್ಹನಾದ ರೋಗಿಯೇ ಹೊರತು ಸೋಮಾರಿಯಲ್ಲ. ಗಾಳಿಯ ಕಾಟವೆಂದು ಕಾಲ ಕಳೆಯುವುದೂ ಸಲ್ಲದು. ಬದುಕು ಬೇಡವೆಂಬ ಮಾತು ಬಂದರೆ ಒಂದು ದಿನವೂ ತಡೆಯಬಾರದು. ಆ ವಿಚಾರವು ಮನಸ್ಸಿನಲ್ಲಿದೆಯೇ ಎಂದು ನೇರವಾಗಿ, ಮೆಲುದನಿಯಲ್ಲಿ ಕೇಳುವುದರಿಂದ ಕೇಡಾಗದು. ಕೇಳಿದವರಿದ್ದಾರೆಂಬುದೇ ಅವನಿಗೆ ಆಧಾರವಾಗುವುದು. ಅವನನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಕೀಟನಾಶಕಗಳನ್ನು ಆ ಕೂಡಲೇ ತೆಗೆಯಿಸಿ ಬೇರೆಯವರ ವಶದಲ್ಲಿಡಬೇಕು. ಇಂತಹ ಸಂಕಟದ ತೀವ್ರತೆಯು ಬಹಳ ಸಲ ಅಲ್ಪಕಾಲದ್ದು. ಆ ಕಾಲವನ್ನು ದಾಟಿಸಿದರೆ ಜೀವವುಳಿಯುವುದು.

ಕಂತು ಕೇಳುವವರು ನಾಲ್ವರ ಮುಂದೆ ಅವಮಾನಿಸದಂತೆ ನೋಡಿಕೊಳ್ಳುವುದೂ, ಬ್ಯಾಂಕಿಗೆ ಅಥವಾ ಸಹಕಾರ ಸಂಘಕ್ಕೆ ಜೊತೆಗೆ ಹೋಗಿ ವಾಯಿದೆ ಕೇಳುವುದೂ, ಕೋರುಪಾಲಿನ ರೈತನಿಗೆ ಬೆಳೆ ಕೆಟ್ಟ ವರ್ಷ ಸಡಿಲು ಕೊಡುವುದೂ ಗೌಡರಿಂದಲೂ ಭೂಮಾಲಿಕರಿಂದಲೂ ಆಗತಕ್ಕ ಕೆಲಸಗಳು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ತೋರಿಸಿ, ಅಲ್ಲಿಂದ ಯಾದಗಿರಿಯ ಜಿಲ್ಲಾ ಆಸ್ಪತ್ರೆಗೆ ಒಯ್ಯಬಹುದು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ ೧೪೪೧೬ ಸಂಖ್ಯೆಗೆ ಕರೆಮಾಡಿದರೆ, ಹಗಲಿರುಳೆನ್ನದೆ, ಶುಲ್ಕವಿಲ್ಲದೆ, ಕನ್ನಡದಲ್ಲಿಯೇ ಸಲಹೆ ದೊರೆಯುವುದು. ಪ್ರಾಣಕ್ಕೆ ಕೈಮಾಡಿಕೊಂಡು ಬದುಕುಳಿದವನನ್ನು, ತೀವ್ರ ಸಂಕಟದಲ್ಲಿದ್ದವನೆಂದು ಭಾವಿಸಿ ಶಿಕ್ಷಿಸದೆ ಆರೈಕೆ ಮಾಡಬೇಕೆಂಬುದು ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಆಶಯವಾದುದರಿಂದ, ಪೊಲೀಸರ ಭಯದಿಂದ ಚಿಕಿತ್ಸೆಯನ್ನು ತಡಮಾಡಲಾಗದು.

ಊರ ಹಿರಿಯರು ಮೇಲಿನ ಸಂಖ್ಯೆಯನ್ನು ಪಂಚಾಯಿತಿಯ ಗೋಡೆಯ ಮೇಲೂ ಗೊಬ್ಬರದಂಗಡಿಯ ಮುಂದೆಯೂ ದೊಡ್ಡ ಅಕ್ಷರಗಳಲ್ಲಿ ಬರೆಯಿಸಿ, ಬಿತ್ತನೆಯ ಮುಂಚೆಯೂ ರಾಶಿಯ ತರುವಾಯವೂ ಒಮ್ಮೊಮ್ಮೆ ಮನೆಮನೆಯ ಯೋಗಕ್ಷೇಮವನ್ನು ವಿಚಾರಿಸುವರೆಂದು ನಂಬಲಾಗಿದೆ.